ಬಿ-ಕಾಂಪ್ಲೆಕ್ಸ್ ಮತ್ತು ಬದುಕಿರುವ ನನ್ನತ್ತೆ

ದೀಪಾವಳಿ ಕಳೆದ ಸ್ವಲ್ಪ ದಿನಕ್ಕೆ ನಾನು ನಮ್ಮತ್ತೆಯನ್ನು ಸಾಯಿಸಿದೆ. ಹಾಡಹಗಲಲ್ಲಿ, ಲೋಕಲ್ ರೈಲಿನ ಲೇಡೀಸ್ ಡಬ್ಬದಲ್ಲಿ, ಗೋರೆಗಾಂವ್ ದಾಟಿ ಜೋಗೇಶ್ವರಿ ಬರುವಷ್ಟರಲ್ಲಿ. ಕೈಯಲ್ಲಿ ಆಯುಧವೇನೂ ಇರಲಿಲ್ಲ. ಒಂದು ಹಿಡಿ ಬಟಾಣಿ ಇತ್ತು.

ಗಾಬರಿಯಾಗಬೇಡಿ. ಅತ್ತೆ ಚೆನ್ನಾಗಿದ್ದಾರೆ. ನಾನಿದನ್ನು ಬರೆಯುತ್ತಿರುವಾಗ ಒಳಗೆ ಸಾರಿಗೆ ಹುಣಸೆಹಣ್ಣು ನೆನೆಹಾಕುತ್ತಿದ್ದಾರೆ. ಅವರು ಕೇಳಿ ‘ಹೂಂ’ ಅಂದ ಮೇಲೆಯೇ ಇದು ಪ್ರೆಸ್ಸಿಗೆ ಹೋಗುವುದು.

ಮುಂಬಯಿ ಕನ್ನಡಿಗರ ಈ ಪತ್ರಿಕೆಯ ನನ್ನ ಅಂಕಣದಲ್ಲಿ ನೀವು ಓದಿ ಅಭ್ಯಾಸವಾಗಿರುವುದು ಬೇರೆ ಥರದ್ದು. ನಮ್ಮ ಬಿಲ್ಡಿಂಗಿನ ಲಿಫ್ಟ್ ಜಗಳ, ಗಣೇಶನ ಹಬ್ಬದ ಚಂದಾ, ಗಂಡ ಮಾಡಿದ ಉಪ್ಪಿಟ್ಟು. ನಗಿಸುವವಳು ಎಂದು ನನಗೊಂದು ಹೆಸರಿದೆ. ಈ ವಾರ ಆ ಹೆಸರಿಗೆ ಸ್ವಲ್ಪ ಪೆಟ್ಟು ಬೀಳಬಹುದು. ಬೀಳಲಿ.

ಶುರುವಾದದ್ದು ಹೇಗೆ ಎಂದು ನನಗೆ ಗೊತ್ತಿಲ್ಲ. ಒಂದು ಬೆಳಿಗ್ಗೆ ಬೀರುವಿನ ಬಾಗಿಲು ತೆರೆದು ನಿಂತೆ. ಯಾವ ಸೀರೆ ಉಡಬೇಕು ಎಂಬುದು ತಿಳಿಯಲಿಲ್ಲ. ಒಳ್ಳೆಯ ಸೀರೆ ಇರಲಿಲ್ಲ ಎಂದಲ್ಲ. ತಿಳಿಯಲಿಲ್ಲ, ಅಷ್ಟೆ. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಆಮೇಲೆ ಅದು ದಿನವೂ ಆಗತೊಡಗಿತು. ಕುಕ್ಕರ್ ಕೂಗಿದರೆ ಕಣ್ಣಲ್ಲಿ ನೀರು. ಮಗಳು ರಿಪೋರ್ಟ್ ಕಾರ್ಡ್ ತಂದು ‘ಮಮ್ಮೀ, ಫಸ್ಟ್ ಆಯೀ ಮೈ, ನೋಡು ನಾ’ ಎಂದರೆ ನೋಡಲೂ ಆಗದಷ್ಟು ಭಾರ. ಊಟ ಮಣ್ಣು. ಆಫೀಸಿನಲ್ಲಿ ಒಂದೇ ಕಾಗದವನ್ನು ಓದಿ, ಓದಿ, ಮತ್ತೆ ಮೊದಲಿನಿಂದ ಓದುವುದು.

ಕಾರಣ?

ಇಲ್ಲ. ನಾಚಿಕೆ ಶುರುವಾದದ್ದೇ ಅಲ್ಲಿ. ಗಂಡ ಕುಡಿಯುವುದಿಲ್ಲ. ಅತ್ತೆ ಕಾಡುವುದಿಲ್ಲ. ಕಾಂದಿವಲಿಯಲ್ಲಿ ಸ್ವಂತ ಫ್ಲ್ಯಾಟ್, ಬೆಳಿಗ್ಗೆ ಮತ್ತು ಸಂಜೆ ನಲ್ಲಿಯಲ್ಲಿ ನೀರು. (ಮುಂಬಯಿಯಲ್ಲಿ ಎರಡು ಹೊತ್ತು ನೀರು ಬರುವ ಮನೆಯಲ್ಲಿದ್ದುಕೊಂಡು ಅಳುವ ಹೆಂಗಸನ್ನು ಯಾರಾದರೂ ಕ್ಷಮಿಸುತ್ತಾರೆಯೇ?) ರಸ್ತೆಯಾಚೆಯ ಚಾಳಿನಲ್ಲಿ ನನಗಿಂತ ಚಿಕ್ಕ ಹುಡುಗಿಯೊಬ್ಬಳು ದಿನವಿಡೀ ಪ್ಲಾಸ್ಟಿಕ್ ಬಕಲುಗಳ ಅಂಚು ಕತ್ತರಿಸುತ್ತಾ ಹಾಡುತ್ತಾಳೆ. ಅವಳ ಹಾಡು ಕೇಳಿದರೆ ನನಗೆ ಮುಖ ಮುಚ್ಚಿಕೊಳ್ಳುವ ಹಾಗಾಗುತ್ತಿತ್ತು.

ಕೊನೆಗೆ ನಮ್ಮವರು ಕಾಲೊನಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರ್ ಏನಾಗುತ್ತದೆ ಎಂದು ಕೇಳಿದರು. ನಾನು ‘ಸುಸ್ತು’ ಎಂದೆ. ಅಳುವ ವಿಷಯ ಹೇಳಲಿಲ್ಲ. ಹೇಗೆ ಹೇಳುವುದು? ಪಕ್ಕದಲ್ಲಿ ಗಂಡ ಕೂತಿದ್ದಾರೆ, ಪರದೆಯ ಆಚೆ ಕೆಮ್ಮುವವರು ಸಾಲಾಗಿ ಕೂತಿದ್ದಾರೆ. ಡಾಕ್ಟರ್ ನನ್ನ ಕಣ್ಣಿನ ರೆಪ್ಪೆ ಎಳೆದು ನೋಡಿ, ಮರಾಠಿಯಲ್ಲಿ ‘ಅಶಕ್ತಪಣಾ’ ಎಂದರು. ನಿಶ್ಶಕ್ತಿ. ಬಿ-ಕಾಂಪ್ಲೆಕ್ಸ್ ಬರೆದುಕೊಟ್ಟರು.

ನಮ್ಮವರಿಗೆ ಆದ ಖುಷಿ ನೋಡಬೇಕಿತ್ತು. ಕಾಯಿಲೆಗೆ ಹೆಸರಿದೆ, ಔಷಧಿ ಇದೆ, ಅದೂ ಯಾರ ಮುಂದೆ ಬೇಕಾದರೂ ಹೇಳಬಹುದಾದ ಔಷಧಿ. ‘ವೀಕ್‌ನೆಸ್ಸು, ಅಷ್ಟೇ. ವಿಟಮಿನ್ ತಗೋತಿದಾಳೆ’ ಎಂದು ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಹೇಳಿದರು. ಆಮೇಲೆ ಯಾವುದೋ ಮ್ಯಾಗಜೀನಿನಲ್ಲಿ ಓದಿದರಂತೆ, ಮನಸ್ಸು ಮಂಕಾಗುವುದಕ್ಕೂ ವಿಟಮಿನ್ನಿಗೂ ಸಂಬಂಧ ಇದೆ ಎಂದು. ಒಂದು ಶೀಷೆ ಇದ್ದದ್ದು ಮೂರಾಯಿತು. ಕೆಂಪು ಕ್ಯಾಪ್ಸೂಲು, ಹಳದಿ ಮಾತ್ರೆ, ಮೀನಿನೆಣ್ಣೆಯ ಮುತ್ತಿನಂಥ ಗುಂಡು. (ಮೀನಿನೆಣ್ಣೆ ಎಂದು ಅತ್ತೆಗೆ ಇವತ್ತಿನವರೆಗೂ ಗೊತ್ತಿರಲಿಲ್ಲ. ಅತ್ತೆ, ಕ್ಷಮಿಸಿ.) ಪ್ರತಿ ಬೆಳಿಗ್ಗೆ ಅವನ್ನೆಲ್ಲ ಒಂದು ಸ್ಟೀಲ್ ಬಟ್ಟಲಿನಲ್ಲಿ ಹಾಕಿ, ನೀರಿನ ಲೋಟದ ಜೊತೆ ನನ್ನ ತಟ್ಟೆಯ ಪಕ್ಕ ಇಡುತ್ತಿದ್ದರು. ಸಂಜೆ ಬಂದೊಡನೆ ಕೇಳುವರು:

“ಹೇಗಿದೆ ಇವತ್ತು?”

“ಸ್ವಲ್ಪ ಪರವಾಗಿಲ್ಲ.”

“ನೋಡ್ದ್ಯಾ? ನಾ ಹೇಳಲಿಲ್ವಾ?”

ಆ ಮುಖ ನೋಡಿ ನಿಜ ಹೇಳುವುದು ಯಾರಿಗೆ ಸಾಧ್ಯ? ಮೂತ್ರವೊಂದು ಅರಿಶಿನದ ನೀರಾಯಿತು, ಬಾಯಲ್ಲಿ ಆ ವಾಸನೆ ಸಂಜೆಯವರೆಗೂ ಉಳಿಯಿತು, ಬೇರೇನೂ ಆಗಲಿಲ್ಲ. ವಿಟಮಿನ್ನು ತನ್ನ ಕೆಲಸ ಮಾಡುತ್ತಿದೆ, ಕೆಲಸಕ್ಕೆ ಬಾರದವಳು ನಾನು ಎಂದುಕೊಂಡೆ. ಇಷ್ಟೊಂದು ನುಂಗಿಯೂ ಅಳುತ್ತೀಯಲ್ಲ, ನಿನಗೆ ಮರ್ಯಾದೆ ಇಲ್ಲವೇ ಎಂದು ನನ್ನನ್ನೇ ಬೈದುಕೊಂಡೆ. ಮನೆಯಲ್ಲಿ ಅಳುವುದನ್ನು ನಿಲ್ಲಿಸಿದೆ. ಅಂದರೆ, ಅದನ್ನು ಲೋಕಲ್‌ಗೆ ಸಾಗಿಸಿದೆ.

ಲೇಡೀಸ್ ಡಬ್ಬದ ನಮ್ಮ ಗುಂಪಿನ ಬಗ್ಗೆ ಹಿಂದೆ ಬರೆದಿದ್ದೇನೆ. ಸಾವಂತ್ ಬಾಯಿ ಬೋರಿವಲಿಯಲ್ಲೇ ಹತ್ತಿ ನನಗೊಂದು ಜಾಗ ಹಿಡಿದಿರುತ್ತಾರೆ. ಸರ್ಕಾರಿ ಆಫೀಸಿನಲ್ಲಿ ಟೈಪಿಸ್ಟ್. ಮನೆಯ ತರಕಾರಿ ಕೆಲಸವೆಲ್ಲ ಅವರು ಮುಗಿಸುವುದು ಗಾಡಿಯಲ್ಲೇ. ಜಯಾಬೆನ್ ಮಲಾಡಿನಲ್ಲಿ ಹತ್ತುತ್ತಾರೆ. ಮಾತು ಜಾಸ್ತಿ, ಮನಸ್ಸು ಒಳ್ಳೆಯದು, ಸೊಸೆಯ ಮೇಲೆ ದಿನಕ್ಕೊಂದು ದೂರು.

ಆ ದಿನ ಸಾವಂತ್ ಬಾಯಿ ಎಂದಿನಂತೆ ನನ್ನ ಮಡಿಲಿಗೆ ಒಂದಷ್ಟು ಬಟಾಣಿ ಹಾಕಿದರು. ಬಿಡಿಸುತ್ತಾ ಕೂತಿದ್ದೆ. ಯಾವಾಗ ಕಣ್ಣೀರು ಶುರುವಾಯಿತೋ ಗೊತ್ತಾಗಲಿಲ್ಲ. ಸಿಪ್ಪೆಯ ಮೇಲೆ ಟಪ್ ಟಪ್ ಬೀಳುತ್ತಿತ್ತು. ಸಾವಂತ್ ಬಾಯಿ ನನ್ನ ಗಲ್ಲ ಹಿಡಿದೆತ್ತಿದರು.

“ಅಗೋಬಾಯಿ! ಕಾಯ್ ಝಾಲಂ? ಕೋಣ್ ಗೇಲಂ?”

ಏನಾಯ್ತು, ಯಾರು ಹೋದರು? ಇಡೀ ಡಬ್ಬ ನನ್ನತ್ತ ತಿರುಗಿತು. ಅಷ್ಟು ಅಳುವುದಕ್ಕೆ ಯಾರಾದರೂ ಹೋಗಿರಲೇಬೇಕು. ಯಾರೂ ಹೋಗಿಲ್ಲ, ಸುಮ್ಮನೆ ಅಳುತ್ತಿದ್ದೇನೆ ಎಂದು ಅಷ್ಟು ಜನ ಹೆಂಗಸರ ಮುಂದೆ ಹೇಳುವುದು ಹೇಗೆ? ಬಾಯಿಂದ ಬಂದುಬಿಟ್ಟಿತು:

“ಸಾಸೂಬಾಯಿ.”

ಅತ್ತೆ. ಯಾರೋ ನೀರಿನ ಬಾಟಲಿ ಕೊಟ್ಟರು, ಯಾರೋ ಕಿಟಕಿಯ ಸೀಟು ಬಿಟ್ಟರು. ಜಯಾಬೆನ್ ಎದೆಯ ಮೇಲೆ ಕೈಯಿಟ್ಟುಕೊಂಡು ಎಲ್ಲರಿಗೂ ಕೇಳುವಂತೆ ಹೇಳಿದರು: “ಸಾಸ್ ಕೇ ಲಿಯೇ ಇತನಾ ರೋತೀ ಹೈ! ಐಸೀ ಬಹೂ ಕಹಾಂ ಮಿಲತೀ ಹೈ?” ಅತ್ತೆಗೋಸ್ಕರ ಇಷ್ಟು ಅಳುವ ಸೊಸೆ ಎಲ್ಲಿ ಸಿಗುತ್ತಾಳೆ?

ಈಗ ಹೇಳಿಬಿಡುತ್ತೇನೆ, ಅದರ ನಂತರದ ದಿನಗಳು ನನಗೆ ಸುಖವಾಗಿದ್ದವು. ಸಾವಿಗೆ ಅಳುವುದಕ್ಕೆ ಯಾರ ಅಪ್ಪಣೆಯೂ ಬೇಡ. ಹತ್ತುತ್ತಿದ್ದ ಹಾಗೆ ಕಿಟಕಿಯ ಸೀಟು, ಮುಖಕ್ಕೆ ಸೆರಗು, ಚರ್ಚ್‌ಗೇಟ್‌ವರೆಗೂ ಅಳು. ಯಾರೂ ಏನೂ ಕೇಳುವುದಿಲ್ಲ. ಜಯಾಬೆನ್ ಒಂದು ದಿನ ಟಾನಿಕ್ ಬಾಟಲಿಯನ್ನೇ ತಂದುಕೊಟ್ಟರು. ‘ದುಃಖದಲ್ಲಿ ಮೈ ಇಳಿಯುತ್ತೆ, ಇದರಲ್ಲಿ ಎಲ್ಲಾ ವಿಟಮಿನ್ನೂ ಇದೆ’ ಎಂದರು. ಅದನ್ನೂ ಕುಡಿದೆ.

ಮನೆಯಲ್ಲಿ ಮಾತ್ರ ಅತ್ತೆಯ ಮುಖ ನೋಡಲಾಗುತ್ತಿರಲಿಲ್ಲ. ಅವರು ಬಿಸಿ ಸಾರು ಬಡಿಸಿ ‘ಇನ್ನೊಂಚೂರು ಹಾಕ್ಕೋ, ವಸು, ಸೊರಗಿಹೋಗಿದೀಯ’ ಎನ್ನುವರು. ನಾನು ತಟ್ಟೆ ನೋಡುತ್ತಿದ್ದೆ. ಒಮ್ಮೆ ಅವರಿಗೆ ನೆಗಡಿಯಾಯಿತು. ಬರೀ ನೆಗಡಿ. ಅವರು ಸೀನಿದಾಗೆಲ್ಲ ನನ್ನ ಜೀವ ಹಾರುತ್ತಿತ್ತು. ನನ್ನ ಮಾತು ತಾಗಿತೇ? ದೇವರ ಮುಂದೆ ದೀಪ ಹಚ್ಚಿ, ಯಾಕೆ ಎಂದು ದೇವರಿಗೂ ಹೇಳಲಾರದೆ ನಿಂತೆ.

ಆಮೇಲೆ ಒಂದು ಭಾನುವಾರ ಬೆಳಿಗ್ಗೆ ಬೆಲ್ ಆಯಿತು.

ನಾನು ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿದ್ದೆ. ನಮ್ಮವರು ಪೇಪರ್ ಓದುತ್ತಿದ್ದರು. ಬಾಗಿಲು ತೆಗೆದದ್ದು ಅತ್ತೆ. ಹೊರಗೆ ಸಾವಂತ್ ಬಾಯಿ ಮತ್ತು ಜಯಾಬೆನ್, ಇಬ್ಬರೂ ಬಿಳೀ ಸೀರೆಯಲ್ಲಿ. ಕೈಯಲ್ಲಿ ಮೋಸಂಬಿ ಚೀಲ. ಹದಿಮೂರು ದಿನ ಕಳೆದಿರಬೇಕು, ಮಾತಾಡಿಸಿಕೊಂಡು ಬರೋಣ ಎಂದು ಬಂದಿದ್ದರು. ನಮ್ಮ ಬಿಲ್ಡಿಂಗಿನ ಹೆಸರು ನಾನೇ ಎಂದೋ ಮಾತಿನ ನಡುವೆ ಹೇಳಿದ್ದೆ. ಅತ್ತೆಯನ್ನು ಅವರು ನೋಡಿರಲಿಲ್ಲ.

ಸಾವಂತ್ ಬಾಯಿ ಅತ್ತೆಯ ಎರಡೂ ಕೈ ಹಿಡಿದುಕೊಂಡು ಕೇಳಿದರು, “ಆಪ್ ವಸುಧಾ ಕೀ ಮಾಂ?” ನೀವು ವಸುಧಾಳ ತಾಯಿಯಾ?

ಮೈಸೂರು ಬಿಟ್ಟು ಬಂದು ಎರಡು ವರ್ಷದಲ್ಲಿ ಅತ್ತೆ ಕಲಿತ ಹಿಂದಿ ತರಕಾರಿಯವನಿಗೆ ಸಾಲುವಷ್ಟು. ಅವರು ನಕ್ಕು ತಲೆಯಾಡಿಸಿದರು. “ನಹೀಂ ನಹೀಂ. ಹಮ್ ಸಾಸ್.”

ಜಯಾಬೆನ್ ಸಾವಂತ್ ಬಾಯಿಯ ಮುಖ ನೋಡಿದರು. ಆಮೇಲೆ ಬಹಳ ಮೆಲ್ಲಗೆ, “ದೂಸರೀ ಸಾಸ್?”

ಎರಡನೇ ಅತ್ತೆಯೇ? ಇಷ್ಟರಲ್ಲಿ ನಮ್ಮವರು ಎದ್ದು ಬಂದಿದ್ದರು. ‘ಯಾರಿಗೆ ಏನಾಯ್ತು?’ ಎಂದು ಕನ್ನಡದಲ್ಲೊಮ್ಮೆ, ಹಿಂದಿಯಲ್ಲೊಮ್ಮೆ ಕೇಳಿದರು. ನಾನು ಒದ್ದೆ ಟವೆಲ್ ಹಿಡಿದು ನಡುಮನೆಗೆ ಬಂದು ನಿಂತೆ. ನಾಲ್ಕು ಜನ ನನ್ನನ್ನೇ ನೋಡುತ್ತಿದ್ದರು. ಭೂಮಿ ಬಾಯಿ ಬಿಡಬಾರದೇ ಅನ್ನುತ್ತಾರಲ್ಲ, ನಾವಿರುವುದು ನಾಲ್ಕನೇ ಮಹಡಿ. ಬಾಯಿ ಬಿಟ್ಟಿದ್ದರೂ ಮೂರನೇ ಮಹಡಿಯವರ ಅಡುಗೆಮನೆಗೆ ಬೀಳುತ್ತಿದ್ದೆ.

“ಹಾಗಾದ್ರೆ ಸತ್ತಿದ್ದು ಯಾರು?” ಎಂದರು ಸಾವಂತ್ ಬಾಯಿ.

“ಯಾರೂ ಇಲ್ಲ.”

“ಮತ್ತೆ ದಿನಾ ಅಳ್ತಿದ್ದೆಯಲ್ಲ?”

“ಯಾಕೆ ಅಂತ ನಂಗೇ ಗೊತ್ತಿಲ್ಲ.”

ಜಯಾಬೆನ್‌ಗೆ ಸಿಟ್ಟು ಬಂತು. ಅವರ ಸಿಟ್ಟು ನ್ಯಾಯವಾದದ್ದೇ. “ನಾನು ನನ್ನ ಸೊಸೆಯ ಮುಂದೆ ನಿನ್ನ ಹೆಸರು ಹೇಳಿದೆ. ಅವಳನ್ನ ನೋಡಿ ಕಲಿ ಅಂದೆ. ಬದುಕಿರೋ ಮುದುಕೀನ ಸಾಯಿಸ್ತೀಯಾ? ಪಾಪ ತಟ್ಟುತ್ತೆ” ಎಂದು ಹಿಂದಿಯಲ್ಲಿ ಹೇಳಿ, ಚಪ್ಪಲಿ ಮೆಟ್ಟಿಕೊಂಡು ಇಳಿದುಹೋದರು. ಲಿಫ್ಟಿಗೂ ಕಾಯಲಿಲ್ಲ. ಇವತ್ತಿಗೂ ಅವರು ನನ್ನನ್ನು ಕಂಡರೆ ಮುಂದಿನ ಡಬ್ಬಕ್ಕೆ ಹೋಗುತ್ತಾರೆ.

ಸಾವಂತ್ ಬಾಯಿ ಹೋಗಲಿಲ್ಲ. ಚಾಪೆಯ ಮೇಲೆ ಕೂತರು. ಆಮೇಲೆ ಬಾಯಿ ಅಗಲಿಸಿ, ಬೆರಳಿನಿಂದ ಕೆನ್ನೆ ಹಿಂದಕ್ಕೆಳೆದು ನನಗೆ ತೋರಿಸಿದರು. ಮೇಲಿನ ಸಾಲಿನಲ್ಲಿ ಒಂದು ದವಡೆಹಲ್ಲು ಇರಲಿಲ್ಲ.

“ನಾನು ಹಲ್ಲುನೋವು ಅಂತ ಹೇಳಿದ್ದೆ” ಎಂದರು. “ಚಿಕ್ಕ ಮಗ ಹುಟ್ಟಿದ ಮೇಲೆ ಹೀಗೇ ಅಳು. ಕೇಳಿದವರಿಗೆಲ್ಲ ಹಲ್ಲುನೋವು ಅಂದೆ. ನಮ್ಮನೆಯವರು ಡೆಂಟಿಸ್ಟ್ ಹತ್ತಿರ ಕರ್ಕೊಂಡು ಹೋದ್ರು. ಯಾವ ಹಲ್ಲು ಅಂತ ಅವನು ಕೇಳಿದ. ಏನೋ ಒಂದು ತೋರಿಸಿದೆ. ಗಟ್ಟಿ ಹಲ್ಲು ಕಣೇ, ಕೀಳೋಕೆ ಅವನಿಗೆ ಬೆವರು ಬಂತು.”

ಅವರು ನಗಲು ನೋಡಿದರು. ನಗು ಬರಲಿಲ್ಲ. ಹೋಗುವಾಗ ಒಂದು ದೊಡ್ಡ ಆಸ್ಪತ್ರೆಯ ಹೆಸರು ಹೇಳಿ, ಅಲ್ಲಿ ಯಾವ ಬಾಗಿಲಿಗೆ ಹೋಗಬೇಕೆಂದೂ ಹೇಳಿದರು. ‘ವಿಟಮಿನ್ ನನಗೂ ಕೊಟ್ಟಿದ್ರು. ಕೂದಲು ಚೆನ್ನಾಗಿ ಬಂತು’ ಎಂದರು.

ಅವರು ಹೋದ ಮೇಲೆ ನಮ್ಮವರು ಮೇಜಿನ ಮೇಲಿದ್ದ ಶೀಷೆಗಳನ್ನೇ ನೋಡುತ್ತಾ ಕೂತರು.

“ದಿನಾ ಪರವಾಗಿಲ್ಲ ಅಂತಿದ್ದೆಯಲ್ಲ.”

“ನೀವು ಅಷ್ಟು ಆಸೆ ಇಟ್ಕೊಂಡು ಕೇಳ್ತಿದ್ರಿ.”

“ನಾನು ಏನ್ ಕಮ್ಮಿ ಮಾಡಿದೀನಿ ಅಂತ ಜನ ಕೇಳಲ್ವಾ?” ಎಂದರು. ಆಮೇಲೆ ಆ ಮಾತಿಗೆ ತಾವೇ ನಾಚಿಕೊಂಡು ಪೇಪರ್ ಎತ್ತಿಕೊಂಡರು.

ಅತ್ತೆ ಅಡುಗೆಮನೆಗೆ ಹೋದವರು ಊಟದ ಹೊತ್ತಿನವರೆಗೂ ಹೊರಗೆ ಬರಲಿಲ್ಲ. ಅಂದು ಕೇಳಿದ್ದು ಒಂದೇ ಮಾತು. “ಬೇರೆ ಯಾರೂ ಬಾಯಿಗೆ ಬರ್ಲಿಲ್ವೇನೇ ನಿಂಗೆ?” ಆಮೇಲೆ ಎಷ್ಟೋ ದಿನ ನನ್ನ ಜೊತೆ ಅಗತ್ಯಕ್ಕಿಂತ ಒಂದು ಮಾತೂ ಹೆಚ್ಚಿಗೆ ಆಡಲಿಲ್ಲ. ಸಾರು ಬಡಿಸುತ್ತಿದ್ದರು, ಇನ್ನೊಂಚೂರು ಎನ್ನುತ್ತಿರಲಿಲ್ಲ. ಒಂದು ಸಂಜೆ ಬಟ್ಟೆ ಮಡಿಸುತ್ತಾ, ನನ್ನ ಕಡೆ ನೋಡದೆ ಹೇಳಿದರು: “ನಿಮ್ಮಮ್ಮನ ಹೆಸರು ಹೇಳೋಕೆ ನಿಂಗೆ ನಾಲಿಗೆ ಬರ್ಲಿಲ್ಲ. ನಂದು ಬಂತು. ತಪ್ಪು ಅಂತಲ್ಲ. ಆದ್ರೆ ನಂಗೆ ಗೊತ್ತಾಯ್ತು ನೋಡು.”

ಕಾಲಿಗೆ ಬೀಳಬೇಕಿತ್ತು. ಬೀಳಲಿಲ್ಲ. ಬಿದ್ದಿದ್ದರೆ ಅಳುತ್ತಿದ್ದೆ, ಅತ್ತರೆ ಅದೂ ನಾಟಕ ಎಂದುಕೊಳ್ಳುತ್ತಾರೇನೋ ಎಂಬ ಭಯ.

ಆಸ್ಪತ್ರೆಯ ವಿಷಯ ನಮ್ಮವರಿಗೆ ಹಿಡಿಸಲಿಲ್ಲ. “ಆ ಡಿಪಾರ್ಟ್‌ಮೆಂಟಿಗಾ? ಇನ್ನೊಂದು ಸ್ವಲ್ಪ ದಿನ ವಿಟಮಿನ್ನೇ ನೋಡೋಣ. ಇಂಜೆಕ್ಷನ್ನಲ್ಲೂ ಬರತ್ತಂತೆ.” ನಾನೂ ಒಪ್ಪಿಕೊಂಡೆ. ಒಪ್ಪಿಕೊಳ್ಳುವುದು ಸುಲಭವಾಗಿತ್ತು. ಮರುದಿನ ಬೆಳಿಗ್ಗೆ ನಾನು ಮತ್ತೆ ಬೀರುವಿನ ಮುಂದೆ ನೆಲದ ಮೇಲೆ ಕೂತಿದ್ದಾಗ ಅತ್ತೆ ಬಂದರು. ಹೊರಗೆ ಹೋಗುವ ಸೀರೆ ಉಟ್ಟಿದ್ದರು. ಬೀರುವಿನಿಂದ ಒಂದು ಸೀರೆ ಎಳೆದು ನನ್ನ ಮಡಿಲಿಗೆ ಹಾಕಿದರು.

“ಇದನ್ನುಟ್ಕೋ. ಏಳು.”

ಓಪಿಡಿಯ ಬೆಂಚು. ಮೇಲೆ ದೊಡ್ಡ ಅಕ್ಷರದ ಬೋರ್ಡು: ಮಾನಸಿಕ ರೋಗ ವಿಭಾಗ. ಓದಲು ಬರುವವರಿಗೆಲ್ಲ ನಾವು ಯಾವ ಕಾಯಿಲೆಯವರೆಂದು ತಿಳಿಯುವಂತೆ. ನಾನು ಸೆರಗು ಮುಖಕ್ಕೆಳೆದುಕೊಂಡು ನೆಲ ನೋಡುತ್ತಿದ್ದೆ. ಕೇಸ್ ಪೇಪರ್ ಅತ್ತೆಯ ಕೈಯಲ್ಲಿತ್ತು.

“ಏನ್ರೀ ವಸುಧಾ! ನೀವಿಲ್ಲಿ?”

ಕನ್ನಡ. ಮುಂಬಯಿಯಲ್ಲಿ ಅಪರೂಪಕ್ಕೆ ಕಿವಿಗೆ ಬಿದ್ದರೆ ಎಷ್ಟು ಹಿತವಾಗುವ ಭಾಷೆ! ಅವತ್ತು ಮಾತ್ರ ಅದು ಬೇಡವಾಗಿತ್ತು. ನಮ್ಮ ಕನ್ನಡ ಸಂಘದ ಹೆಂಗಸೊಬ್ಬರು. ಗಂಡನ ಕಿವಿ ತೋರಿಸಲು ಪಕ್ಕದ ವಿಭಾಗಕ್ಕೆ ಬಂದಿದ್ದರಂತೆ. ಅವರ ಕಣ್ಣು ನನ್ನ ಮುಖದಿಂದ ಬೋರ್ಡಿಗೆ, ಬೋರ್ಡಿನಿಂದ ನನ್ನ ಮುಖಕ್ಕೆ ಬಂತು. ನಾನು ಸೆರಗನ್ನು ಇನ್ನಷ್ಟು ಎಳೆದುಕೊಂಡೆ.

ಅತ್ತೆ ಹೇಳಿದರು: “ನಂಗೇ ಕಣಮ್ಮಾ. ತಲೆ ಸರಿ ಇಲ್ಲ ನಂದು. ವಯಸ್ಸಾಯ್ತಲ್ಲ, ಏನೇನೋ ಮಾತಾಡ್ತೀನಂತೆ. ಪಾಪ, ಇವಳು ರಜಾ ಹಾಕಿ ಕರ್ಕೊಂಡು ಬಂದಿದಾಳೆ.”

ಆಗಲಾದರೂ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಅವರು ‘ಅಯ್ಯೋ ಪಾಪ’ ಎಂದು ಅತ್ತೆಯಿಂದ ಒಂದು ಹೆಜ್ಜೆ ಹಿಂದೆ ಸರಿದು, ನನ್ನ ಭುಜ ತಟ್ಟಿ ಹೋದರು. ನಾನು ತಟ್ಟಿಸಿಕೊಂಡೆ.

ಡಾಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಅವಸರ ಮಾಡಲಿಲ್ಲ. ನಿದ್ದೆ, ಊಟ, ಕೆಲಸ ಎಲ್ಲ ಕೇಳಿದಳು. ರೈಲು ಬರುವಾಗ ಪ್ಲಾಟ್‌ಫಾರ್ಮಿನ ತುದಿಯಲ್ಲಿ ನಿಂತು ಏನಾದರೂ ಅನ್ನಿಸಿದ್ದುಂಟೇ ಎಂದು ಕೇಳಿದಳು. ನಾನು ಕೊಟ್ಟ ಉತ್ತರವನ್ನು ಇಲ್ಲಿ ಬರೆಯುವುದಿಲ್ಲ. ಅತ್ತೆಗೆ ಅಷ್ಟು ಹಿಂದಿ ಬರುವುದಿಲ್ಲ ಎಂದುಕೊಂಡಿದ್ದೆ. ಅವರ ಕೈ ಬಂದು ನನ್ನ ಮಣಿಕಟ್ಟನ್ನು ಹಿಡಿಯಿತು. ಮನೆ ಸೇರುವವರೆಗೂ ಬಿಡಲಿಲ್ಲ, ಲೋಕಲ್‌ನ ನೂಕುನುಗ್ಗಲಿನಲ್ಲೂ.

ವಿಟಮಿನ್ನಿನ ಬಗ್ಗೆ ನಾನೇ ಕೇಳಿದೆ. ನಿಲ್ಲಿಸಬೇಡಿ ಎಂದಳು. ನನ್ನ ಊಟ ಕೆಟ್ಟಿದ್ದರಿಂದ ಮೈಗೆ ಅದು ಬೇಕಂತೆ. ಮೈಯಲ್ಲಿ ಕೊರತೆ ಇದ್ದರೆ ಮನಸ್ಸಿಗೂ ಅಷ್ಟಿಷ್ಟು ಆಸರೆಯಾಗಬಹುದು. ಆದರೆ ನನಗಾಗಿರುವುದು ಅದೊಂದರಿಂದಲೇ ಹೋಗುವಂಥದ್ದಲ್ಲ, ಇದಕ್ಕೆ ಬೇರೆ ಮಾತ್ರೆ ಇದೆ, ಕೆಲಸ ಶುರು ಮಾಡಲು ಕೆಲವು ವಾರ ತೆಗೆದುಕೊಳ್ಳುತ್ತದೆ, ಕಾಯಬೇಕು ಎಂದಳು. ಕಾದೆ. ಆ ಮಾತ್ರೆಗೆ ಬಾಯಿ ಒಣಗಿ ಚಕ್ಕೆಯಾಯಿತು. ಮೊದಲು ನಿದ್ದೆ ಬಂತು. ಆಮೇಲೆ ಒಂದು ದಿನ ಸಾರಿನಲ್ಲಿ ಉಪ್ಪು ಕಡಿಮೆ ಎನ್ನಿಸಿತು. ಜೋರಾಗಿ ಹೇಳಿಯೂಬಿಟ್ಟೆ. ಅತ್ತೆ ಸೌಟು ಹಿಡಿದು ನಿಂತಲ್ಲೇ ನಿಂತರು. “ರುಚಿ ಗೊತ್ತಾಯ್ತೇನೇ?” ಎಂದರು. ಅವರ ಕಣ್ಣು ಒದ್ದೆಯಾಗಿತ್ತು. ನನ್ನದು ಆಗಿರಲಿಲ್ಲ.

ಪೂರ್ತಿ ಗುಣವಾಗಿದೆ ಎಂದು ಹೇಳಲಾರೆ. ಕೆಲವು ದಿನ ಒಳ್ಳೆಯವು, ಕೆಲವು ಅಲ್ಲ. ನಮ್ಮವರು ಈಗ ಸಂಜೆ ‘ಹೇಗಿದೆ’ ಎಂದು ಕೇಳಿ, ಉತ್ತರ ಬರುವವರೆಗೆ ಸುಮ್ಮನೆ ಕೂರುತ್ತಾರೆ.

ಇಲ್ಲಿಗೆ ಮುಗಿದಿದ್ದರೆ ಇದನ್ನು ನಿಮಗೆ ಹೇಳುತ್ತಲೇ ಇರಲಿಲ್ಲ. ನನಗೆ ಅಷ್ಟು ಧೈರ್ಯವಿಲ್ಲ. ಆದರೆ ಆಸ್ಪತ್ರೆಯಲ್ಲಿ ಸಿಕ್ಕವರ ಮಾತು ಸಂಘದ ತುಂಬ ಹರಡಿತು. ಸಂಕ್ರಾಂತಿಯ ಕಾರ್ಯಕ್ರಮದಲ್ಲಿ ಮೂಲೆಗೆ ಕರೆದು ನನ್ನನ್ನು ಹೊಗಳಿದವರೆಷ್ಟು! ‘ಎಷ್ಟು ತಾಳ್ಮೆ ನಿಮಗೆ, ಅಂಥವರನ್ನ ಮನೇಲಿಟ್ಕೊಂಡು ನೋಡ್ಕೋತೀರಲ್ಲ.’ ನಾನು ತಲೆಬಾಗಿಸಿ ಎಳ್ಳು ತೆಗೆದುಕೊಂಡೆ.

ನಿಮ್ಮಲ್ಲಿ ಕೆಲವರಿಗೆ ಗೊತ್ತು, ಶನಿವಾರ ಸಂಜೆ ನಮ್ಮತ್ತೆ ಸುತ್ತಮುತ್ತಲ ಕನ್ನಡದ ಮಕ್ಕಳಿಗೆ ದೇವರನಾಮ ಹೇಳಿಕೊಡುತ್ತಾರೆ. ಹಿಂದಿಯಲ್ಲಿ ಜಗಳವಾಡಿ ಕನ್ನಡದಲ್ಲಿ ಹಾಡುವ ಮಕ್ಕಳು. ಅವರಿಗೋಸ್ಕರ ಅತ್ತೆ ಶುಕ್ರವಾರವೇ ಕೋಡುಬಳೆ ಕರಿದಿಡುತ್ತಾರೆ. ಸಂಕ್ರಾಂತಿಯಾದ ಮೇಲೆ ಒಂದು ಮಗುವಿಗೆ ಪರೀಕ್ಷೆ ಬಂತು. ಇನ್ನೊಂದಕ್ಕೆ ಜ್ವರ. ಮತ್ತೊಂದು ಕರಾಟೆ ಸೇರಿತು. ಹೋದ ಶನಿವಾರ ಅತ್ತೆ ಜಮಖಾನ ಹಾಸಿ, ಶ್ರುತಿಪೆಟ್ಟಿಗೆ ಮುಂದಿಟ್ಟುಕೊಂಡು, ಸಂಜೆ ಪೂರ್ತಿ ಬಾಗಿಲು ನೋಡುತ್ತಾ ಕೂತರು. ಒಂದು ಮಗುವೂ ಬರಲಿಲ್ಲ.

“ಎಲ್ಲಾರ್ಗೂ ಒಟ್ಟಿಗೇ ಪರೀಕ್ಷೆ ಬಂತೇನೋ” ಎಂದು ಜಮಖಾನ ಸುತ್ತಿಟ್ಟರು. ಯಾಕೆಂದು ಅವರಿಗೆ ಗೊತ್ತು. ಅವರಿಗೆ ಗೊತ್ತೆಂದು ನನಗೂ ಗೊತ್ತು. ಇಷ್ಟು ದಿನ ಪಟ್ಟ ನಾಚಿಕೆಯೆಲ್ಲ ಆ ಸುತ್ತಿಟ್ಟ ಜಮಖಾನದ ಮುಂದೆ ಏನೂ ಅಲ್ಲ ಅನ್ನಿಸಿತು.

ಬರೆದದ್ದನ್ನು ಈಗಷ್ಟೇ ಅವರಿಗೆ ಓದಿ ಹೇಳಿದೆ. ಮೀನಿನೆಣ್ಣೆ ಬಂದಾಗ ‘ಶಿವಶಿವಾ’ ಎಂದರು. ಬೇರೆಲ್ಲೂ ತಡೆಯಲಿಲ್ಲ.

“ಎಲ್ಲಾರೂ ಓದ್ತಾರೆ ಕಣೇ. ನಾಳೆ ನಿಂಗೆ ತಲೆ ಎತ್ಕೊಂಡು ಓಡಾಡೋಕೆ ಆಗತ್ತಾ?”

“ಗೊತ್ತಿಲ್ಲ, ಅತ್ತೆ.”

“ಬರೆಯೋದು ಹೇಗೂ ಬರೀತೀಯ. ಈ ಶನಿವಾರದಿಂದ ಹೊಸ ಹಾಡು ಅಂತ ಒಂದು ಸಾಲು ಸೇರಿಸು.”

ಸೇರಿಸಿದ್ದೇನೆ. ಹಾಡು ಹೇಳಿಕೊಡುವವರ ತಲೆ ಸರಿಯಾಗಿದೆ, ಬೆಂಚಿನ ಮೇಲಿದ್ದ ರೋಗಿ ಈ ಅಂಕಣದವಳು ಎಂದು ನಿಮಗೀಗ ತಿಳಿಯಿತು. ಶನಿವಾರ ಮಕ್ಕಳನ್ನು ನಮ್ಮ ಮನೆಗೆ ಕಳಿಸುತ್ತೀರಾ?